ನನಗೊಬ್ಬಳಿಗೇ ಬರುತ್ತಿದ್ದ ಪೆಟ್ರೋಲ್ ವಾಸನೆ

1979ರ ಬೇಸಿಗೆಯಲ್ಲಿ ನಡೆದದ್ದು. ಹಾನಗಲ್ಲಿನಲ್ಲಿ ನಮ್ಮ ಮಾವನವರದು ಒಂದು ಅಕ್ಕಿ ಗಿರಣಿ ಇತ್ತು. ಗಿರಣಿಯ ಹಿಂದೆಯೇ ಮನೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಿಂದ ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿದ್ದವರು ಮಾವ, ಅತ್ತೆ, ನನ್ನ ಯಜಮಾನರು ಮತ್ತು ನಾನು.

ಹಿಂದಿನ ದೀಪಾವಳಿಯ ಸುಮಾರಿಗೆ ನನಗೆ ಒಂಬತ್ತು ತಿಂಗಳು ತುಂಬಿತ್ತು. ತವರಿನಲ್ಲಿ ಅವ್ವ ಇರಲಿಲ್ಲ. ಅದಕ್ಕೇ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿಯೇ ಆಗಲಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಒಂದು ದಿನ ಮುಂಜಾನೆ ಅತ್ತೆಗೆ, "ಕೂಸು ಯಾಕೋ ಹೊಟ್ಟ್ಯಾಗ ಆಡವಲ್ದ್ರಿ," ಅಂದೆ. "ಮೊದಲನೇ ಬಸರಿಗೆ ಎಲ್ಲಾರಿಗೂ ಹಂಗ ಅನಸ್ತೈತಿ. ಎಡಕ್ಕ ಮಗ್ಗಲಾಗಿ ಮಲ್ಕೊ," ಅಂದರು ಅವರು. ಮರುದಿನವೂ ಹೇಳಿದೆ. ಸಂಜೆಯ ಹೊತ್ತಿಗೆ ಎಲ್ಲರಿಗೂ ಗಾಬರಿಯಾಯಿತು. ಆಗ ನಮ್ಮಲ್ಲಿ ಗಾಡಿ ಇರಲಿಲ್ಲ. ಅವರಿವರನ್ನು ಕೇಳಿ ಒಂದು ಜೀಪು ತಂದು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕೂಸು ಹೊಟ್ಟೆಯಲ್ಲಿಯೇ ತೀರಿಹೋಗಿತ್ತು. ಗಂಡು ಕೂಸು. ನೋಡಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆಂದು ನನಗೆ ತೋರಿಸಲಿಲ್ಲ.

ಮನೆಗೆ ಬಂದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ನಾನು ಅಳಲೂ ಇಲ್ಲ. ಕೆಲಸ ಮಾಡುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ, ಅಷ್ಟೆ. ಸಂಕ್ರಾಂತಿ ಮುಗಿದ ಮೇಲೆ ಮಾವನವರು ಸವಣೂರಿನವರೊಬ್ಬರ ಹತ್ತಿರ ಒಂದು ಹಳೆಯ ಕಾರು ಕೊಂಡುಕೊಂಡು ಬಂದರು. ಏಕೆ ತಂದರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅತ್ತೆ ಕಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಬೇಸಿಗೆ ಶುರುವಾದಾಗ ಶಿಗ್ಗಾವಿಯಲ್ಲಿ ಬಳಗದ ಒಂದು ಮದುವೆ ಇತ್ತು. ಮದುವೆ ಮುಗಿಸಿ ಬಿಸಿಲಲ್ಲಿ ನಿಂತಿದ್ದ ಕಾರು ಹತ್ತಿದೆವು. ಯಜಮಾನರು ನಡೆಸುತ್ತಿದ್ದರು, ಪಕ್ಕದಲ್ಲಿ ಮಾವ, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ನಾನು. ಧೂಳು ಬರುತ್ತದೆಂದು ಅತ್ತೆ ಗಾಜು ಏರಿಸಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನಗೆ ಪೆಟ್ರೋಲ್ ವಾಸನೆ ಬಂತು. ಗಂಟಲೊಳಗೆ ಸಿಹಿಸಿಹಿಯಾಗಿ ಇಳಿಯುವಂಥ ವಾಸನೆ. ತಲೆ ಭಾರವಾಯಿತು. "ಪೆಟ್ರೋಲ್ ವಾಸನಿ ಬರಾಕತ್ತೈತ್ರಿ," ಅಂದೆ. ಯಜಮಾನರು ಮೂಗೆಳೆದು ನೋಡಿದರು. "ಎಲ್ಲೈತಿ? ನನಗೇನೂ ಬರವಲ್ದು," ಅಂದರು. ಅವರ ಬಾಯಲ್ಲಿ ಸದಾ ಸಿಗರೇಟು. ಅತ್ತೆಗೆ ನಶ್ಯದ ಚಟ, ಮಲ್ಲಿಗೆ ಹೂವಿನ ವಾಸನೆಯೂ ಅವರಿಗೆ ಹತ್ತುತ್ತಿರಲಿಲ್ಲ. ಮಾವನವರು ಗಾಜಿಳಿಸಿಕೊಂಡು ಗಾಳಿಗೆ ಮುಖ ಕೊಟ್ಟು ಕೂತಿದ್ದರು. ಮೂವರಿಗೂ ಬಾರದ ವಾಸನೆ ನನಗೊಬ್ಬಳಿಗೇ ಬಂತು. ದಾರಿಯಲ್ಲಿ ಕಾರು ನಿಲ್ಲಿಸಿ ವಾಂತಿ ಮಾಡಿಕೊಂಡೆ.

ಆಮೇಲೆ ಎರಡು ಮೂರು ಸಲ ಹಾಗೆಯೇ ಆಯಿತು. ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದರು. ಅವನು ಮುಂಜಾನೆ ತಂಪಿನಲ್ಲಿ ಬಂದು, ಬಾನೆಟ್ ಎತ್ತಿ ನೋಡಿದ. ಕೆಳಗೆ ಮಲಗಿ ನೋಡಿದ. "ಒಂದ ಹನಿ ಸೈತ ಬಿದ್ದಿಲ್ರಿ ಧಣಿ. ಲೀಕ್ ಇದ್ರ ನೆಲದ ಮ್ಯಾಲ ಕಲಿ ಬೀಳ್ತಿತ್ತು," ಅಂದ. ಅವನು ಹೇಳಿದ್ದು ಸುಳ್ಳಲ್ಲ. ನೆಲ ಒಣಗಿಯೇ ಇತ್ತು.

ಅಲ್ಲಿಗೆ ಮನೆಯಲ್ಲಿ ಒಂದು ತೀರ್ಮಾನವಾಯಿತು. ಕೂಸು ಹೋದ ಕಾರಣಕ್ಕೆ ಬಂದ ಕಾರು, ಅದನ್ನು ಕಂಡರೆ ಇವಳಿಗೆ ಸಂಕಟ, ಆ ಸಂಕಟವೇ ವಾಸನೆಯಾಗಿ ಬರುತ್ತದೆ ಎಂದು. ಇದನ್ನು ಯಾರೂ ನನ್ನೆದುರು ಹೇಳಲಿಲ್ಲ. ಅಡುಗೆಮನೆಯಲ್ಲಿದ್ದಾಗ ಪಡಸಾಲೆಯ ಮಾತು ಕೇಳಿಸುತ್ತಿತ್ತು. ಅತ್ತೆ ಕೆಟ್ಟವರಲ್ಲ. ನನ್ನ ತಲೆಗೆ ತಾವೇ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು. ಅವರಿಗೆ ಭಯವಾಗಿತ್ತು. ನನಗೂ ಭಯವಾಗಿತ್ತು. ಇಷ್ಟು ಜನ ಇಲ್ಲವೆನ್ನುವುದು ನನಗೊಬ್ಬಳಿಗೆ ಇದೆ ಅನಿಸಬೇಕಾದರೆ ನನ್ನ ತಲೆಯೇ ಕೆಟ್ಟಿರಬಹುದೇ ಎಂದು ಕಾರಿನ ಹತ್ತಿರ ಒಬ್ಬಳೇ ಹೋಗಿ ಮೂಸಿ ನೋಡುತ್ತಿದ್ದೆ. ತಂಪು ಹೊತ್ತಿನಲ್ಲಿ ಏನೂ ಬರುತ್ತಿರಲಿಲ್ಲ. ಆಗ ಇನ್ನಷ್ಟು ಭಯವಾಗುತ್ತಿತ್ತು.

ಹುಲಗೂರಿನ ದರ್ಗಾಕ್ಕೆ ಹೋಗಿ ಬರೋಣ ಎಂದು ಅತ್ತೆ ಹೊರಡಿಸಿದರು. ನಮ್ಮ ಕಡೆ ಎಲ್ಲ ಜಾತಿಯವರೂ ನಡೆದುಕೊಳ್ಳುವ ಸ್ಥಳ ಅದು. ಶಿಗ್ಗಾವಿಯಲ್ಲಿ ಟಾಕಿ ತುಂಬ ಪೆಟ್ರೋಲ್ ಹಾಕಿಸಿದರು. ದರ್ಗಾದಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿ, ಕೈಗೆ ದಾರ ಕಟ್ಟಿಸಿಕೊಂಡೆವು. ಅಲ್ಲಿ ಕಸ ಗುಡಿಸುತ್ತಿದ್ದ ಮುದುಕಿಯೊಬ್ಬಳು ನನ್ನ ಮುಖ ನೋಡಿ, "ಈ ಮಗಳು ಭಾಳ ದಣದಾಳ್ರಿ ಅವ್ವಾರ, ನೆರಳಿಗೆ ಕುಂದರ್ಸ್ರಿ," ಎಂದು ಅತ್ತೆಗೆ ಹೇಳಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಅಷ್ಟೂ ಹೊತ್ತು ಕಾರು ಬಯಲಿನಲ್ಲಿ, ಸುಡುವ ಬಿಸಿಲಿನಲ್ಲಿ ಗಾಜು ಏರಿಸಿಕೊಂಡು ನಿಂತಿತ್ತು.

ಹೊರಟಾಗ ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಬಡಿಯಿತು. ಹೇಳಿದರೆ ಏನಾಗುತ್ತದೆಂದು ಗೊತ್ತಿದ್ದರಿಂದ ಸುಮ್ಮನೆ ಹತ್ತಿ ಕೂತೆ. ಸೆರಗನ್ನು ಮೂಗಿಗೆ ಹಿಡಿದುಕೊಂಡೆ. ಬಂಕಾಪುರ ದಾಟಿದ ಮೇಲೆ ಎದುರಿಗೆ ಸಾಲಾಗಿ ಲಾರಿಗಳು ಬಂದವು, ಧೂಳಿಗೆ ಮುಂದಿನವರೂ ಗಾಜು ಏರಿಸಿದರು. ಒಳಗೆ ಉಸಿರು ಕಟ್ಟಿದಂತಾಯಿತು. ಅದೇ ಹೊತ್ತಿಗೆ ಯಜಮಾನರು ಬಾಯಿಗೆ ಸಿಗರೇಟಿಟ್ಟು, ಸ್ಟೇರಿಂಗಿನ ಮೇಲೆಯೇ ಎರಡೂ ಕೈ ಕೂಡಿಸಿ ಕಡ್ಡಿಪೆಟ್ಟಿಗೆ ತೆಗೆದರು. ನಾನು ಹಿಂದಿನಿಂದ ಎದ್ದು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. "ಕಡ್ಡಿ ಕೊರೀಬ್ಯಾಡ್ರಿ," ಎಂದು ಕೂಗಿದೆ. ಕಾರು ಎಡಕ್ಕೆ ಎಳೆದುಕೊಂಡು ರಸ್ತೆ ಬಿಟ್ಟು, ಒಂದು ಗಾಲಿ ತಗ್ಗಿನಲ್ಲಿ ಇಳಿದು ನಿಂತಿತು. ರಸ್ತೆ ಬದಿಯ ಮರಕ್ಕೆ ಒಂದು ಮಾರು ಅಂತರ ಉಳಿದಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಯಾರೂ ಬೈಯಲೂ ಇಲ್ಲ. ಎಲ್ಲರೂ ಕೆಳಗಿಳಿದು ನಿಂತೆವು. ಅತ್ತೆ ರಸ್ತೆಯ ಬದಿಗೆ ಕೂತು ಅಳತೊಡಗಿದರು. "ಇನ್ನ ನನ್ನ ಕೈಲೆ ಆಗೂದಿಲ್ರಿ. ಇವತ್ತ ನಾಲ್ಕೂ ಮಂದಿ ಹೋಗಬೇಕಾಗಿತ್ತು. ಅಕಿ ಅಣ್ಣಗ ಹೇಳಿ ಕಳಿಸ್ರಿ, ಸ್ವಲ್ಪ ದಿನ ಅಬಲೂರಾಗ ಇದ್ದ ಬರ್ಲಿ," ಅಂದರು. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹಾಗೆ ತವರಿಗೆ ಹೋಗಿ ತಿರುಗಿ ಕರೆ ಬಾರದೆ ಉಳಿದವರನ್ನು ನಾನು ನೋಡಿದ್ದೆ. ಬರುವ ಸೋಮವಾರ ಅಣ್ಣ ಬಂದು ಕರೆದುಕೊಂಡು ಹೋಗುವುದೆಂದಾಯಿತು.

ಮರುದಿನ ನಾಷ್ಟಾ ಆದ ಮೇಲೆ ಮಾವನವರು ಗಿರಣಿಗೆ ಹೋಗಲಿಲ್ಲ. ಕಾರು ನಿಲ್ಲಿಸುವ ತಗಡಿನ ಶೆಡ್ಡಿನಿಂದಲೇ ನನ್ನನ್ನು ಕರೆದರು. ನಾನು ಅವರೆದುರು ನಿಂತು ಮಾತಾಡಿದವಳಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಕಂಬದ ಹಿಂದೆ ನಿಂತೆ.

"ಅನ್ನಪೂರ್ಣಾ, ವಾಸನಿ ಎಲ್ಲಿಂದ ಬರ್ತೈತಿ, ತೋರ್ಸವಾ," ಅಂದರು.

"ಈಗ ಬರಾಕತ್ತಿಲ್ರಿ ಮಾವಾರ," ಅಂದೆ.

"ನನಗಂತೂ ಯಾವಾಗೂ ಬಂದಿಲ್ಲ. ಆದ್ರ ನಿನಗ ಬರ್ತೈತಿ ಅಂದ್ರ ಬರ್ತೈತಿ. ನಿನಗ ಯಾವಾಗ ಬರ್ತೈತಿ ಅದನ್ನ ಹೇಳು. ಹುಡುಕೂಣು."

ಕಂಬ ಹಿಡಿದುಕೊಂಡೇ ಯೋಚಿಸಿ ಹೇಳಿದೆ. ಮುಂಜಾನೆ ಬರುವುದಿಲ್ಲ. ಬಿಸಿಲಲ್ಲಿ ನಿಂತ ಮೇಲೆ ಬರುತ್ತದೆ. ಟಾಕಿ ತುಂಬಿದ್ದಾಗ ಹೆಚ್ಚು. ಹಿಂದೆ ಕೂತರೆ ಬರುತ್ತದೆ. ಹೇಳುತ್ತ ಹೋದಂತೆ ಅದಕ್ಕೊಂದು ಕ್ರಮ ಇದೆ ಎನ್ನುವುದು ನನಗೇ ಮೊದಲ ಸಲ ತಿಳಿಯಿತು. ಮಾವನವರು ತಲೆಯಾಡಿಸಿದರು. "ತಲಿ ಕೆಟ್ಟವರಿಗೆ ಬರೂ ವಾಸನಿ ಬಿಸಲು ನೆರಳು ನೋಡಿ ಬರೂದಿಲ್ಲ," ಅಂದರು.

ಇಬ್ಬರು ಹಮಾಲರನ್ನು ಕರೆದು ಕಾರನ್ನು ಅಂಗಳದ ಬಿಸಿಲಿಗೆ ದೂಡಿಸಿದರು. ಬಚ್ಚಲ ಒಲೆಯ ಬೆಂಕಿ ಆರಿಸಲು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ನಾನು ಹಿಂದಿನ ಸೀಟಿನಲ್ಲಿ ಕೂತು ನೋಡಿದೆ. ವಾಸನೆ ಬಂದಿತ್ತು. ಮುಂದಿನ ಸೀಟಿನ ಕಡೆ ಬಾಗಿದರೆ ಕಡಿಮೆ, ಬೆನ್ನಿನ ಕಡೆ ತಿರುಗಿದರೆ ಹೆಚ್ಚು. ಮಾವನವರು ಹಿಂದಿನ ಸೀಟು ಬಿಚ್ಚಿ ಹೊರಗಿಟ್ಟರು. ಅದರ ಹಿಂದೆ ಡಿಕ್ಕಿ. ಡಿಕ್ಕಿಯ ಕೆಳಗೆ ಪೆಟ್ರೋಲ್ ಟಾಕಿ. ಹೊರಗೆ ಪೆಟ್ರೋಲ್ ಹಾಕುವ ಬಾಯಿಯಿಂದ ಟಾಕಿಯವರೆಗೆ ಒಂದು ದಪ್ಪ ರಬ್ಬರ್ ಪೈಪು, ಡಿಕ್ಕಿಯ ಒಂದು ಮೂಲೆಯಲ್ಲಿ ಹಾಯ್ದು ಹೋಗಿತ್ತು.

ಅವರು ಟಾಕಿಯ ಮುಚ್ಚಳ ತಿರುವಿದಾಗ ಸುಂಯ್ ಎಂದು ಗಾಳಿ ಹೊರಬಿತ್ತು. ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ನಮ್ಮ ಗಿರಣಿ ಎಂಜಿನ್ ಟಾಕಿ ಮುಚ್ಚಳಕ್ಕ ಉಸರಾಡಾಕ ಒಂದ ಸಣ್ಣ ತೂತ ಐತಿ. ಇದಕ್ಕ ಇಲ್ಲ. ಮೊದಲಿನವರು ಯಾವುದೋ ಬ್ಯಾರೆ ಗಾಡೀದು ಹಾಕ್ಯಾರ," ಅಂದರು. ಬಿಸಿಲಿಗೆ ಟಾಕಿ ಕಾದಾಗ ಪೆಟ್ರೋಲ್ ಆವಿಯಾಗುತ್ತದೆ, ಆ ಆವಿಗೆ ಹೊರಗೆ ಹೋಗಲು ದಾರಿ ಇಲ್ಲ, ಎಲ್ಲೋ ಒಂದು ಕಡೆ ಸಂದಿ ಹುಡುಕಿಕೊಂಡು ಒಳಗೆ ನುಗ್ಗುತ್ತಿದೆ ಎಂದು ನನಗೆ ತಿಳಿಸಿ ಹೇಳಿದರು. ಆವಿಯಾದ್ದರಿಂದ ಹನಿ ಬೀಳುವುದಿಲ್ಲ, ನೆಲದ ಮೇಲೆ ಕಲೆ ಕಾಣುವುದಿಲ್ಲ.

ಸಂದಿ ಎಲ್ಲಿದೆ ಎಂದು ಕಂಡುಹಿಡಿಯುವುದೇ ಕಷ್ಟವಾಯಿತು. "ಸೈಕಲ್ ಟ್ಯೂಬಾದ್ರ ನೀರಾಗ ಮುಳಗಿಸಬಹುದಿತ್ತು," ಎಂದು ಮಾವನವರು ತಮ್ಮಷ್ಟಕ್ಕೇ ಅಂದರು. ನನಗೆ ಸ್ಟೋವ್ ನೆನಪಾಯಿತು. ನಮ್ಮ ಪಂಪ್ ಸ್ಟೋವಿನ ವಾಷರ್ ಹೋಗಿ ಗಾಳಿ ಸೋರಿದರೆ ನಾನು ಸೋಪಿನ ನೊರೆ ಹಚ್ಚಿ ನೋಡುತ್ತಿದ್ದೆ, ಸೋರುವ ಕಡೆ ಗುಳ್ಳೆ ಏಳುತ್ತಿತ್ತು. ಅಂಜುತ್ತಲೇ ಹೇಳಿದೆ. ಅವರು, "ತಗೊಂಬಾ," ಅಂದರು.

ಬಟ್ಟೆ ಸೋಪನ್ನು ನೀರಿನಲ್ಲಿ ಕಲಸಿ ಗಟ್ಟಿ ನೊರೆ ಮಾಡಿದೆ. ಮುಚ್ಚಳ ಬಿಗಿದು, ಟಾಕಿ ಕಾಯುವವರೆಗೆ ಕಾದೆವು. ಕೈಗೆ ಸಿಕ್ಕ ಜೋಡಣೆಗಳಿಗೆಲ್ಲ ಅವರು ಬಟ್ಟೆಯ ತುಂಡಿನಿಂದ ನೊರೆ ಹಚ್ಚಿದರು. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳಿನ ಜೋಡಣೆ ಟಾಕಿಗೆ ಕೂತಿದ್ದ ಜಾಗ, ಪೈಪಿನ ಮೇಲಿನ ಕ್ಲಿಪ್ಪು, ಕೆಳಗಿನ ಕ್ಲಿಪ್ಪು. ಎಲ್ಲಿಯೂ ಗುಳ್ಳೆ ಏಳಲಿಲ್ಲ. ನೊರೆ ಹಾಗೆಯೇ ಒಣಗಿ ಬಿಳಿ ಕಲೆಯಾಯಿತು. ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಆ ಹುಡುಗಿ ತಲ್ಯಾಗ ಇನ್ನಷ್ಟು ತುಂಬಬ್ಯಾಡ್ರಿ," ಅಂದರು. ಮಾವನವರು ಅವರ ಕಡೆ ತಿರುಗದೆ, "ನಾಳೆ ಮತ್ತ ನೋಡೂಣು," ಅಂದರು.

ಮರುದಿನ ಬಿಸಿಲು ಏರಿದ ಮೇಲೆ ಮತ್ತೆ ಕೂತೆವು. ಪೈಪು ಡಿಕ್ಕಿಯ ತಗಡಿಗೆ ಒತ್ತಿಕೊಂಡು ಹೋದ ಕಡೆ ಅದರ ಕೆಳಭಾಗ ಕಾಣುತ್ತಿರಲಿಲ್ಲ. ಮಾವನವರ ಕೈ ಅಲ್ಲಿ ಹೋಗಲಿಲ್ಲ. ನಾನು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಡಿಕ್ಕಿಯೊಳಗೆ ಬಾಗಿದೆ. ಸೆರಗು ತಲೆಯಿಂದ ಜಾರಿತು. ಸರಿಪಡಿಸಿಕೊಳ್ಳಲು ಹೋದಾಗ, "ಇರ್ಲಿ ಬಿಡವಾ, ಕೆಲಸ ನೋಡು," ಅಂದರು. ಪೈಪಿನ ಕೆಳಗೆ ಬೆರಳು ತೂರಿಸಿ ಸವರುತ್ತ ಹೋದೆ. ಒಂದು ಕಡೆ ರಬ್ಬರು ಒರಟಾಗಿ, ಒಣಗಿದ ಎಲೆಯ ಹಾಗೆ ಚೂರುಚೂರಾಗಿ ಹತ್ತಿತು. ಅಲ್ಲಿ ಬೆರಳಿಗೆ ತಣ್ಣನೆಯ ಉಸಿರು ತಾಗಿದ ಹಾಗಾಯಿತು. ಅಂಥ ಬಿಸಿಲಿನಲ್ಲಿ ತಣ್ಣಗೆ.

"ಇಲ್ಲೈತ್ರಿ," ಅಂದೆ.

ನೊರೆಯನ್ನು ಅಲ್ಲಿಗೆ ಹಚ್ಚಿ, ಒಳಗಿನಿಂದ ನನ್ನ ಕುಂಕುಮದ ಡಬ್ಬಿಯ ಕನ್ನಡಿ ತಂದು ಪೈಪಿನ ಕೆಳಗೆ ಹಿಡಿದೆ. ಮಾವನವರು ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. ಕನ್ನಡಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದು, ಉಬ್ಬಿ, ಒಡೆಯಿತು. ಅದರ ಪಕ್ಕದಲ್ಲಿ ಇನ್ನೊಂದು ಎದ್ದಿತು. ಆಮೇಲೆ ಸಾಲಾಗಿ ಏಳುತ್ತಲೇ ಹೋದವು.

ಅವರು ಯಜಮಾನರನ್ನು ಗಿರಣಿಯಿಂದ ಕರೆಸಿದರು. ಯಜಮಾನರು ಕಿವಿಯ ಮೇಲೆ ಸಿಗರೇಟು ಸಿಕ್ಕಿಸಿಕೊಂಡೇ ಬಂದು ಕನ್ನಡಿಯೊಳಗೆ ನೋಡಿದರು. ಬಹಳ ಹೊತ್ತು ಬಾಗಿಯೇ ಇದ್ದರು. ಏಳುವಾಗ ಸಿಗರೇಟು ತೆಗೆದು ಅದರ ಪಾಕೀಟಿನೊಳಗೆ ಹಾಕಿ, ಪಾಕೀಟನ್ನು ಗೋಡೆಯಾಚೆ ಎಸೆದರು. "ಆವತ್ತ ನಾ ಕಡ್ಡಿ ಕೊರದಿದ್ರ," ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಅತ್ತೆಯೂ ಬಂದು ನೋಡಿದರು. ಒಳಗೆ ಹೋಗಿ, ನನಗೂ ಮಾವನವರಿಗೂ ಮಜ್ಜಿಗೆ ತಂದಿಟ್ಟು, ಜಾರಿದ್ದ ನನ್ನ ಸೆರಗನ್ನು ಎತ್ತಿ ಹೆಗಲ ಮೇಲೆ ಹಾಕಿದರು.

ಮಾವನವರು ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಳ್ಳುತ್ತಿದ್ದರು. ನಾನು ಕೊಡದಿಂದ ನೀರು ಹಾಕುತ್ತಿದ್ದೆ. ಅವರು ಕೈ ಉಜ್ಜುತ್ತ, ನನ್ನ ಮುಖ ನೋಡದೆ ಹೇಳಿದರು: "ಕೂಸು ಆಡವಲ್ದು ಅಂತ ನೀ ಆವತ್ತ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತವಾ. ಪಡಸಾಲ್ಯಾಗ ಚಾ ಕುಡ್ಯಾಕತ್ತಿದ್ದೆ. ಹೆಂಗಸರ ಮಾತು, ನನಗ್ಯಾಕ ಅಂತ ಎದ್ದ ಗಿರಣಿಗೆ ಹೋದೆ. ನೀ ಎರಡ ದಿನ ಹೇಳಿದಿ. ನಾವ್ಯಾರೂ ಕೇಳ್ಲಿಲ್ಲ."

ಕೊಡ ನನ್ನ ಕೈಯಿಂದ ಕೆಳಗಿಳಿಯಿತು. ಆ ಮನೆಯಲ್ಲಿ ಕೂಸಿನ ಮಾತನ್ನು ಒಬ್ಬರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ದೀಪಾವಳಿಯಿಂದ ಒಳಗೇ ಉಳಿದಿದ್ದ ಅಳು ಅವತ್ತು ಹೊರಗೆ ಬಂತು. ದನಿ ತೆಗೆದು ಅತ್ತುಬಿಟ್ಟೆ. ಅಳಬೇಡ ಎಂದು ಮಾವನವರು ಹೇಳಲಿಲ್ಲ. ಒದ್ದೆ ಕೈಗಳನ್ನು ಹಾಗೆಯೇ ಇಳಿಬಿಟ್ಟುಕೊಂಡು ಅಲ್ಲಿಯೇ ನಿಂತಿದ್ದರು. ಗಿರಣಿಯಿಂದ ಯಾರೋ ಕರೆಯಲು ಬಂದರೆ ಕೈಸನ್ನೆ ಮಾಡಿ ಕಳಿಸಿದರು. ಅಷ್ಟರಲ್ಲಿ ಅತ್ತೆ ಬಂದು ನನ್ನ ಮಗ್ಗುಲಲ್ಲಿ ಕೂತರು. ಕೂಸು ಯಾರ ಹಾಗಿತ್ತು ಎಂದು ನಾನು ಕೇಳಿದೆ. "ನಿನ್ನ ಹಂಗ ಇತ್ತವಾ. ತಲಿ ತುಂಬ ಕೂದಲಿತ್ತು," ಅಂದರು. ಇಬ್ಬರೂ ಬಹಳ ಹೊತ್ತು ಅಲ್ಲಿ ಕೂತಿದ್ದೆವು.

ಸೋಮವಾರ ಅಣ್ಣ ಬಂದಾಗ ಮಾವನವರು, "ಊಟಾ ಮಾಡ್ಕೊಂಡ ಹೋಗಪಾ. ಅನ್ನಪೂರ್ಣಾ ಬರೂದಿಲ್ಲ. ಕಾರಿನ ಕೆಲಸ ಇನ್ನೂ ಮುಗದಿಲ್ಲ," ಅಂದರು. ಅವನಿಗೆ ಏನೂ ತಿಳಿಯಲಿಲ್ಲ. ಊಟ ಮಾಡಿ ಹೋದ.

ಯಜಮಾನರು ಹುಬ್ಬಳ್ಳಿಗೆ ಹೋಗಿ ಹೊಸ ರಬ್ಬರ್ ಪೈಪು, ಕ್ಲಿಪ್ಪುಗಳು ಮತ್ತು ತೂತಿದ್ದ ಮುಚ್ಚಳ ತಂದರು. ಮುಂಜಾನೆ ತಂಪಿನಲ್ಲಿ ಬಯಲಿಗೆ ಕಾರು ನಿಲ್ಲಿಸಿ, ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ಹಳೆಯ ಪೈಪು ಬಿಚ್ಚಿದೆವು. ಹೊರಗೆ ತೆಗೆದು ಬಾಗಿಸಿದಾಗ ಅದರ ಹೊಟ್ಟೆಯುದ್ದಕ್ಕೂ ಬಿರುಕು ಬಾಯಿ ತೆರೆಯಿತು. ಮೇಸ್ತ್ರಿಯನ್ನೂ ಕರೆದು ತೋರಿಸಿದರು. ಅವನು ಕೈಯಲ್ಲಿ ಹಿಡಿದು ನೋಡಿ, "ಬಿಸಲಾಗ ನೋಡಬೇಕಾಗಿತ್ರಿ, ತಪ್ಪಾತು," ಎಂದು ಹೊಸದನ್ನು ತಾನೇ ನಿಂತು ಬಿಗಿದುಕೊಟ್ಟ. ಮಧ್ಯಾಹ್ನ ಮತ್ತೆ ನೊರೆ ಹಚ್ಚಿ, ಕನ್ನಡಿ ಹಿಡಿದು ನೋಡಿದೆವು. ನೊರೆ ಸುಮ್ಮನೆ ಕೂತಿತ್ತು. ಆದರೂ ಮಾವನವರು ನನ್ನನ್ನು ಗಾಜು ಏರಿಸಿದ ಕಾರಿನಲ್ಲಿ ಹಿಂದೆ ಕೂರಿಸಿ, ನಾನು ಇಲ್ಲ ಎನ್ನುವವರೆಗೆ ಉಪಕರಣ ಎತ್ತಿಡಲಿಲ್ಲ.

ಎರಡು ವರ್ಷದ ಮೇಲೆ ನಾನು ಮತ್ತೆ ಬಸಿರಾದೆ. ಏಳನೆಯ ತಿಂಗಳಿನಲ್ಲಿ ಒಂದು ದಿನ, "ಹೊಟ್ಟಿ ಯಾಕೋ ಬಿಗದಂಗ ಆಗೈತ್ರಿ," ಎಂದು ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಹಿಟ್ಟನ್ನು ನಾದುವ ಕೊಣಮಿಗೆಯಲ್ಲಿಯೇ ಬಿಟ್ಟು, ಕೈ ಸಹ ತೊಳೆಯದೆ ಹೊರಗೆ ಹೋಗಿ ಕಾರು ತೆಗೆಯಲು ಹೇಳಿದರು. ಹುಬ್ಬಳ್ಳಿಯಲ್ಲಿ ಡಾಕ್ಟರು ನೋಡಿ, ಏನೂ ಇಲ್ಲ, ಕೂಸು ಚೆನ್ನಾಗಿದೆ ಎಂದು ಮನೆಗೆ ಕಳಿಸಿದರು. ಹೋಗಿ ಬಂದದ್ದು ದಂಡವಾಯಿತು ಎಂದು ಯಾರೂ ಅನ್ನಲಿಲ್ಲ. ಮುಂದಿನ ತಿಂಗಳೂ ಒಮ್ಮೆ ಹಾಗೆಯೇ ಹೋದೆವು, ಹಾಗೆಯೇ ತಿರುಗಿ ಬಂದೆವು. ದಿನ ತುಂಬಿದ ಮೇಲೆ ಮಗಳು ಹುಟ್ಟಿದಳು.

ಮಾವನವರು ತೀರಿಕೊಂಡು ಬಹಳ ವರ್ಷಗಳಾದವು, ಅತ್ತೆಯೂ ಇಲ್ಲ. ಆ ಕಾರನ್ನೂ ಯಾವಾಗಲೋ ಕೊಟ್ಟುಬಿಟ್ಟರು. ನನ್ನ ಮೊದಲ ಕೂಸಿನ ಮುಖ ನಾನು ನೋಡಲಿಲ್ಲ ಎನ್ನುವ ನೋವು ಈಗಲೂ ಇದೆ, ಅದು ಹೋಗುವಂಥದಲ್ಲ. ಆದರೆ ಆ ಬೇಸಿಗೆಯನ್ನು ನೆನೆದಾಗ ನನಗೆ ಮೊದಲು ನೆನಪಾಗುವುದು ನೊರೆಯಲ್ಲಿ ಎದ್ದ ಗುಳ್ಳೆಗಳಲ್ಲ. ಅವನ್ನು ಕಂಡ ಮೇಲೆ ಎಲ್ಲರೂ ನಂಬಿದರು. ಕಾಣುವುದಕ್ಕೆ ಒಂದು ದಿನ ಮೊದಲು, ತಮ್ಮ ಮೂಗಿಗೆ ಏನೂ ಬಾರದಿದ್ದರೂ, ನನ್ನ ಮಾತೊಂದನ್ನೇ ಹಿಡಿದುಕೊಂಡು ಒಬ್ಬ ಹಿರಿಯರು ತಮ್ಮ ಕೆಲಸ ಬಿಟ್ಟು ಹುಡುಕಲು ಕೂತರು. ಮನುಷ್ಯರು ಒಬ್ಬರಿಗೊಬ್ಬರು ಕೊಡಬಹುದಾದದ್ದು ಇದಕ್ಕಿಂತ ದೊಡ್ಡದು ಏನಿದೆಯೋ ನನಗೆ ಗೊತ್ತಿಲ್ಲ.